ಪ್ಲೈಯೋಮೆಟ್ರಿಕ್ ಜಿಗಿತ: ಕಾಲಿನೊಳಗೆ ಏನಾಗುತ್ತದೆ, ಎಲ್ಲಿಂದ ಶುರು ಮಾಡಬೇಕು

ಮುಂದೆ ಓದುವ ಮೊದಲು ಎದ್ದು ಒಂದು ಕೆಲಸ ಮಾಡಿ. ಬೆರಳ ತುದಿಗೆ ಸ್ವಲ್ಪ ಬಳಪದ ಪುಡಿ ಹಚ್ಚಿಕೊಂಡು ಗೋಡೆ ಪಕ್ಕ ನಿಲ್ಲಿ. ಅರ್ಧ ಬಸ್ಕಿಯಷ್ಟು ಕೂತು, ಹಾಗೇ ಮೂರು ಸೆಕೆಂಡ್ ತಡೆದು, ಅಲ್ಲಿಂದಲೇ ಮೇಲಕ್ಕೆ ಜಿಗಿದು ಗೋಡೆಗೆ ಗುರುತು ಹಾಕಿ. ಜಿಗಿಯುವಾಗ ಮತ್ತೆ ಕೆಳಗೆ ಕುಗ್ಗಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಜಿಗಿಯಿರಿ. ಈ ಸಲ ನೇರ ನಿಂತು, ಸರಕ್ಕನೆ ಕುಗ್ಗಿ, ತಡೆಯದೆ ಮೇಲೇಳಿ. ಹೆಚ್ಚಿನವರಿಗೆ ಎರಡನೇ ಗುರುತು ಒಂದೆರಡು ಬೆರಳು ಮೇಲೆ ಬೀಳುತ್ತದೆ. ಕಾಲು ಅದೇ, ಮೈತೂಕ ಅದೇ, ಕೈ ಬೀಸಿದ್ದೂ ಅಷ್ಟೇ. ಹಾಗಾದರೆ ಆ ಎರಡು ಬೆರಳು ಎಲ್ಲಿಂದ ಬಂದವು?

ಕೆಳಗೆ ಕುಗ್ಗಿದಾಗ ಬಂದವು. ಪ್ಲೈಯೋಮೆಟ್ರಿಕ್ ತರಬೇತಿ ಎಂದರೆ ಆ ಎರಡು ಬೆರಳನ್ನು ನಾಲ್ಕು ಮಾಡುವ ಕೆಲಸ.

ನಾನು ವಿಜಯಪುರದವನು, ಬೆಳಗ್ಗೆ ಮೈದಾನದಲ್ಲಿ ಹುಡುಗ ಹುಡುಗಿಯರಿಗೆ ಜಿಗಿತ ಹೇಳಿಕೊಡುತ್ತೇನೆ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಭರ್ತಿಗೆ ತಯಾರಿ ನಡೆಸುವವರೇ ಜಾಸ್ತಿ. ಕಾನ್‌ಸ್ಟೇಬಲ್ ಫಿಜಿಕಲ್‌ನಲ್ಲಿ, ಅಂದರೆ ದೈಹಿಕ ಪರೀಕ್ಷೆಯಲ್ಲಿ, ಉದ್ದ ಜಿಗಿತ ತೆಗೆದುಕೊಂಡರೆ ಗಂಡುಮಕ್ಕಳು 3.80 ಮೀಟರ್, ಹೆಣ್ಣುಮಕ್ಕಳು 2.50 ಮೀಟರ್ ದಾಟಬೇಕು (ನಿಮ್ಮ ಸಲದ ಅಧಿಸೂಚನೆಯನ್ನೂ ಒಮ್ಮೆ ನೋಡಿಕೊಳ್ಳಿ). ಅದಕ್ಕಾಗಿ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ದಿನಾ ನೂರಾರು ಜಿಗಿತ ಹಾಕಿ, ಮೂರನೇ ವಾರಕ್ಕೆ ಬಂದು ಹೇಳುತ್ತಾರೆ: "ಅಣ್ಣಾರ, ಮೊಳಕಾಲ ನೋಯಾಕತ್ತಾವ್ರಿ, ಜಿಗಿತ ಮಾತ್ರ ಹೆಚ್ಚಾಗವಲ್ದು." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಡುಗರ ದುಡಿಮೆಯಲ್ಲಿ ಕೊರತೆಯೇ ಇಲ್ಲ. ಕಾಲು ಹೇಗೆ ಕೆಲಸ ಮಾಡುತ್ತದೆ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ, ಅಷ್ಟೇ.

ಇಳಿಯುವಾಗಲೂ ಸ್ನಾಯು ದುಡಿಯುತ್ತದೆ

ಗೋಳಗುಮ್ಮಟ ಹತ್ತಿದ್ದೀರಲ್ವಾ? ಮೂಲೆಯ ಗೋಪುರದಲ್ಲಿ ಏಳು ಅಂತಸ್ತು. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಸಲೀಸು ಅನಿಸುತ್ತದೆ. ಆದರೆ ಅಭ್ಯಾಸ ಇಲ್ಲದವರಿಗೆ ಮರುದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುವುದು ಹೆಚ್ಚಾಗಿ ಆ ಇಳಿದ ಕೆಲಸಕ್ಕೇ. ಮೆಟ್ಟಿಲು ಇಳಿಯುವಾಗ ತೊಡೆ ಸ್ನಾಯು ಉದ್ದವಾಗುತ್ತಾ ಹೋಗುತ್ತದೆ, ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯುತ್ತದೆ. ಜೋಳದ ಚೀಲವನ್ನು ಟ್ರ್ಯಾಕ್ಟರಿನಿಂದ ಮೆಲ್ಲಗೆ ಕೆಳಗಿಳಿಸುವಾಗ ಕೈ ನೇರವಾಗುತ್ತಾ ಹೋಗುತ್ತದೆ, ಆದರೂ ತೋಳು ಸಡಿಲ ಬಿಟ್ಟಿರುವುದಿಲ್ಲ. ಅದೂ ಇದೇ ಕೆಲಸ. ಸ್ನಾಯು ಹೀಗೆ ಉದ್ದವಾಗುತ್ತಾ ತಡೆಯುವಾಗ, ಕುಗ್ಗುತ್ತಾ ಎತ್ತುವಾಗ ಹೊರುವುದಕ್ಕಿಂತ ಜಾಸ್ತಿ ಭಾರ ಹೊರಬಲ್ಲದು.

ಜಿಗಿತದಲ್ಲಿ ಮೂರು ಹೊತ್ತುಗಳಿವೆ. ಕುಗ್ಗುವುದು ಅಥವಾ ನೆಲಕ್ಕೆ ಬೀಳುವುದು ಒಂದು, ಆಗ ತೊಡೆ, ಕುಂಡಿ, ಮೀನಖಂಡ ಎಲ್ಲವೂ ಎಳೆದು ಬಿಗಿಯಾಗುತ್ತವೆ. ಕೆಳಗಿನಿಂದ ಮೇಲಕ್ಕೆ ತಿರುಗುವ ಚಿಕ್ಕ ತಿರುವು ಎರಡನೆಯದು. ಮೇಲಕ್ಕೆ ಒದೆಯುವುದು ಮೂರನೆಯದು. ಜನ ಮೂರನೆಯದನ್ನೇ ಜಿಗಿತ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ತರಬೇತಿಯ ಬೆಲೆ ಎರಡನೆಯದರಲ್ಲಿದೆ. ಎಳೆದಾಗ ತುಂಬಿಕೊಂಡ ಬಲ ಅಲ್ಲೇ ನಿಂತರೆ ಬಿಸಿಯಾಗಿ ಸೋರಿಹೋಗುತ್ತದೆ. ಮೂರು ಸೆಕೆಂಡ್ ತಡೆದು ಜಿಗಿದಾಗ ನೀವು ಕಳೆದುಕೊಂಡದ್ದು ಅದನ್ನೇ. ಇನ್ನೊಂದು ಕಾರಣವೂ ಇದೆ. ಕುಗ್ಗಿ ತಿರುಗುವ ಹೊತ್ತಿಗೆ ಸ್ನಾಯು ಆಗಲೇ ಪೂರ್ತಿ ಬಿಗಿ ಹಿಡಿದಿರುತ್ತದೆ, ಹಾಗಾಗಿ ಒದೆತ ಶುರುವಾಗುವ ಮೊದಲ ಕ್ಷಣದಿಂದಲೇ ದೊಡ್ಡ ಬಲ ಸಿಗುತ್ತದೆ. ಕುಗ್ಗಿದಲ್ಲೇ ತಡೆದು ಜಿಗಿದರೆ ಆ ಬಿಗಿ ಬರುವಷ್ಟರಲ್ಲಿ ಅರ್ಧ ಜಿಗಿತ ಮುಗಿದಿರುತ್ತದೆ.

ಮುಧೋಳ ನಾಯಿಯ ಕಾಲು

ಬಾಗಲಕೋಟೆ ಜಿಲ್ಲೆಯವರಿಗೆ ಮುಧೋಳ ನಾಯಿ ಬಗ್ಗೆ ಹೇಳಬೇಕಿಲ್ಲ. ಅದರ ಕಾಲು ಒಮ್ಮೆ ಗಮನಿಸಿ ನೋಡಿ. ಮೇಲೆ ತೊಡೆಯ ಹತ್ತಿರ ಮಾಂಸ ತುಂಬಿಕೊಂಡಿದೆ, ಕೆಳಗೆ ಬರುತ್ತಾ ಎಲುಬು ಮತ್ತು ಹುರಿಯಂಥ ಟೆಂಡನ್ ಮಾತ್ರ. ಓಟಕ್ಕೆ ಹುಟ್ಟಿದ ಪ್ರಾಣಿಗಳ ಕಾಲು ಸಾಮಾನ್ಯವಾಗಿ ಹೀಗೇ ಇರುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿಯೇ ಟೆಂಡನ್. ನಮ್ಮಲ್ಲಿ ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ಅಕಿಲಿಸ್ ಟೆಂಡನ್ ಅತಿ ದಪ್ಪನೆಯದು, ಹಿಮ್ಮಡಿಯ ಮೇಲೆ ಎರಡು ಬೆರಳಿಟ್ಟು ಹಿಸುಕಿದರೆ ಸಿಗುತ್ತದೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹಗ್ಗದಾಟದಲ್ಲಿ ಪುಟಪುಟನೆ ಜಿಗಿಯುವಾಗ ಮೀನಖಂಡದ ಸ್ನಾಯು ಎಳೆಗಳು ಉದ್ದ ಗಿಡ್ಡ ಆಗುವುದು ತೀರಾ ಕಡಿಮೆ. ಅವು ಬಿಗಿ ಹಿಡಿದು ನಿಂತಿರುತ್ತವೆ, ಹಿಗ್ಗಿ ಕುಗ್ಗುವ ಕೆಲಸ ಬಹುಮಟ್ಟಿಗೆ ಟೆಂಡನ್‌ನದು. ಹಗ್ಗ ಜಗ್ಗಾಟದಲ್ಲಿ ಕೊನೆಗೆ ನಿಂತವನು ಕಾಲೂರಿ ಹಿಡಿದರೆ ಮಾತ್ರ ಹಗ್ಗ ಬಿಗಿಯುತ್ತದೆ, ಅವನು ಜಾರಿದರೆ ಹಗ್ಗ ಸಡಿಲ. ಸ್ನಾಯು ಆ ಕೊನೆಯವನು. ಅವನಿಗೆ ಬಲ ಇಲ್ಲದಿದ್ದರೆ ಟೆಂಡನ್ ಎಷ್ಟು ಚೆನ್ನಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಬಸ್ಕಿ, ಹಿಮ್ಮಡಿ ಎತ್ತುವ ವ್ಯಾಯಾಮ ಬಿಟ್ಟು ಬರೀ ಜಿಗಿಯುವವರು ಒಂದು ಮಟ್ಟದಲ್ಲಿ ನಿಂತುಬಿಡುತ್ತಾರೆ.

ಇನ್ನು ನರಗಳ ಪಾತ್ರ. ಸ್ನಾಯುವಿನೊಳಗೆ ಸ್ಪಿಂಡಲ್ ಎಂಬ ಚಿಕ್ಕ ಕಾವಲುಗಾರರಿದ್ದಾರೆ. ಸ್ನಾಯು ಸರಕ್ಕನೆ ಎಳೆದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದಲೇ "ಬಿಗಿ ಹಿಡಿ" ಎಂಬ ಆದೇಶ ವಾಪಸ್ ಬರುತ್ತದೆ, ಮಿದುಳಿನ ತನಕ ಹೋಗಿ ಕೇಳುವಷ್ಟು ಹೊತ್ತು ಇರುವುದಿಲ್ಲ. ಡಾಕ್ಟರು ಮೊಣಕಾಲ ಕೆಳಗೆ ಚಿಕ್ಕ ಸುತ್ತಿಗೆ ಬಡಿದಾಗ ಕಾಲು ತಾನಾಗೇ ಹಾರುತ್ತದಲ್ಲ, ಅದೇ ಇದು. ಎಳೆತ ಎಷ್ಟು ಉದ್ದ ಎನ್ನುವುದಕ್ಕಿಂತ ಎಷ್ಟು ವೇಗ ಎನ್ನುವುದು ಇಲ್ಲಿ ಮುಖ್ಯ. ಹಾಗಾಗಿ ಪೂರ್ತಿ ನೆಲಕ್ಕೆ ಕೂತು ಏಳುವ ಜಿಗಿತಕ್ಕಿಂತ ಸ್ವಲ್ಪವೇ ಕುಗ್ಗಿ ಥಟ್ಟನೆ ಏಳುವ ಜಿಗಿತ ಈ ಕಾವಲುಗಾರರನ್ನು ಚೆನ್ನಾಗಿ ಎಬ್ಬಿಸುತ್ತದೆ.

ಪಾದ ನೆಲ ಮುಟ್ಟುವ ಮೊದಲೇ ಕಾಲು ಸಿದ್ಧವಾಗುವುದೂ ಅಷ್ಟೇ ಮುಖ್ಯ. ಕರೆಂಟ್ ಹೋದಾಗ ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತಾ, ಮುಗಿಯಿತು ಅಂದುಕೊಂಡ ಜಾಗದಲ್ಲಿ ಇನ್ನೊಂದು ಮೆಟ್ಟಿಲು ಸಿಕ್ಕರೆ ಹಲ್ಲು ಕಡಿಯುವಂತೆ ಜಟಕಾ ಹೊಡೆಯುತ್ತದೆ. ಎತ್ತರ ಬರೀ ಅರ್ಧ ಅಡಿ, ಆದರೆ ಸ್ನಾಯು ಸಿದ್ಧ ಇರಲಿಲ್ಲ. ಅಭ್ಯಾಸವಿರುವ ಜಿಗಿತಗಾರನ ಮೀನಖಂಡ ಗಾಳಿಯಲ್ಲಿರುವಾಗಲೇ ಬಿಗಿಯಾಗಲು ಶುರುವಾಗಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಜಿಗಿತ ಹೆಚ್ಚಾದರೆ ಸ್ನಾಯು ದಪ್ಪ ಆಯಿತು ಅಂದುಕೊಳ್ಳಬೇಡಿ, ನರಗಳು ಹೊತ್ತು ಕಲಿತವು ಅಂದುಕೊಳ್ಳಿ. ದಣಿದಾಗ ಮೊದಲು ಕೆಡುವುದೂ ಈ ಹೊತ್ತೇ.

ಯಾವ ಸ್ನಾಯು ಯಾವಾಗ? ಮೇಲೆ ಒದೆಯುವಾಗ ಮೊದಲು ಸೊಂಟದ ಕೀಲು ಬಿಚ್ಚಿಕೊಳ್ಳುತ್ತದೆ, ಅದು ಕುಂಡಿ ಮತ್ತು ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಕೆಲಸ. ಹಿಂದೆಯೇ ಮೊಣಕಾಲು, ಅದು ತೊಡೆ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು, ಕ್ವಾಡ್ರಿಸೆಪ್ಸ್. ಕೊನೆಗೆ ಪಾದದ ಕೀಲು, ಮೀನಖಂಡ. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲೆ ಉಬ್ಬಿ ಕಾಣುವ ಗ್ಯಾಸ್ಟ್ರಾಕ್ನೀಮಿಯಸ್ ಮೊಣಕಾಲಿನ ಮೇಲಿಂದಲೇ ಶುರುವಾಗುತ್ತದೆ, ಒಳಗಿನ ಸೋಲಿಯಸ್ ಮೊಣಕಾಲಿನ ಕೆಳಗಿಂದ. ಮೇಲಿನದು ಎರಡು ಕೀಲು ದಾಟುವುದರಿಂದ ಮೊಣಕಾಲು ರಪ್ಪನೆ ನೇರವಾದಾಗ ಅದರ ಎಳೆತವೇ ಹಿಮ್ಮಡಿಯನ್ನೂ ಮೇಲಕ್ಕೆ ಎತ್ತುತ್ತದೆ. ತೊಡೆಯ ಬಲ ಪಾದದವರೆಗೆ ಹರಿದು ಬರುವುದು ಹೀಗೆ. ಕುಂಡಿಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸ್ನಾಯುವಿದೆ, ಗ್ಲೂಟಿಯಸ್ ಮೀಡಿಯಸ್. ಅದು ಸೋತರೆ ಇಳಿಯುವಾಗ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬರುತ್ತವೆ. ಮೊಣಕಾಲಿನ ಒಳಗೆ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್ ಹರಿಯುವುದಕ್ಕೆ ಆ ಭಂಗಿ ದೊಡ್ಡ ಕಾರಣ, ಮತ್ತು ಈ ಪೆಟ್ಟು ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಆಗುತ್ತದೆ.

ಎಲ್ಲ ಜಿಗಿತವೂ ಒಂದೇ ಅಲ್ಲ

ಪಾದ ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ ಎನ್ನುವುದರ ಮೇಲೆ ಜಿಗಿತವನ್ನು ಎರಡು ಬಗೆ ಮಾಡುತ್ತಾರೆ. 0.25 ಸೆಕೆಂಡಿಗಿಂತ ಕಡಿಮೆಯಾದರೆ ವೇಗದ್ದು, ಜಾಸ್ತಿಯಾದರೆ ನಿಧಾನದ್ದು. ವಾಲಿಬಾಲ್‌ನಲ್ಲಿ ನೆಟ್ ಹತ್ತಿರ ನಿಂತಲ್ಲೇ ಬ್ಲಾಕ್‌ಗೆ ಏಳುವುದು ನಿಧಾನದ್ದು. ಜೋರು ಓಟದಲ್ಲಿ ಒಂದೊಂದು ಹೆಜ್ಜೆಗೂ ಪಾದ ನೆಲದಲ್ಲಿರುವುದು ಸುಮಾರು 0.1 ಸೆಕೆಂಡ್, ಒಳ್ಳೆಯ ಉದ್ದ ಜಿಗಿತಗಾರನ ಟೇಕ್ ಆಫ್ (ಜಿಗಿಯಲು ನೆಲ ಒದೆಯುವ ಕೊನೆಯ ಹೆಜ್ಜೆ) ಸುಮಾರು 0.12 ಸೆಕೆಂಡ್. ಅಂದರೆ 3.80 ದಾಟಬೇಕೆನ್ನುವವನು ಬರೀ ಆಳಕ್ಕೆ ಕೂತು ಕಪ್ಪೆ ಜಿಗಿತ ಹಾಕುತ್ತಿದ್ದರೆ ಬೇರೆ ಪರೀಕ್ಷೆಗೆ ಓದುತ್ತಿದ್ದಾನೆ ಎಂದೇ ಅರ್ಥ. ಅವನಿಗೆ ಬೇಕಾದದ್ದು ಹಗ್ಗದಾಟ, ಒಂಟಿಕಾಲ ಜಿಗಿತ, ಉದ್ದುದ್ದ ಹೆಜ್ಜೆಯ ಬೌಂಡಿಂಗ್.

ನಮ್ಮ ಭಾಗದ ಗರಡಿಮನೆಯ ಬಸ್ಕಿಯ ಬಗ್ಗೆ ನನಗೆ ತುಂಬಾ ಗೌರವ. ದಿನಕ್ಕೆ ನೂರಾರು ಬಸ್ಕಿ ಹೊಡೆಯುವ ಪೈಲ್ವಾನರ ತೊಡೆ ಕಂಬದ ಹಾಗಿರುತ್ತದೆ. ಆದರೆ ಅದು ದಮ್ಮು ಮತ್ತು ತಾಳಿಕೆಯ ಬಲ. ಜಿಗಿತಕ್ಕೆ ಅದು ಅಡಿಪಾಯ, ಜಿಗಿತವನ್ನು ಬೇರೆಯಾಗಿಯೇ ಕಲಿಸಬೇಕು.

ಈ ವಿದ್ಯೆ ಹೊಸದೇನಲ್ಲ. ಎತ್ತರದಿಂದ ಕೆಳಗಿಳಿದು ಥಟ್ಟನೆ ಮೇಲೇಳುವ ಡೆಪ್ತ್ ಜಂಪ್ ಅನ್ನು 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವರ್ಖೋಶಾನ್‌ಸ್ಕಿ ಬೆಳೆಸಿದರು, ಅವರು ಕರೆದದ್ದು ಶಾಕ್ ವಿಧಾನ ಎಂದು. ಪ್ಲೈಯೋಮೆಟ್ರಿಕ್ಸ್ ಎಂಬ ಹೆಸರು ಅಮೆರಿಕದ ಫ್ರೆಡ್ ವಿಲ್ಟ್ 1975ರಲ್ಲಿ ಕೊಟ್ಟದ್ದು. ವರ್ಖೋಶಾನ್‌ಸ್ಕಿ ಅದನ್ನು ಮಾಡಿಸಿದ್ದು ವರ್ಷಗಟ್ಟಲೆ ತಯಾರಾದ ಓಟಗಾರರಿಗೆ, ಜಿಗಿತಗಾರರಿಗೆ. ನಾವು ಮೊದಲ ದಿನವೇ ಅದನ್ನು ಹಿಡಿಯುತ್ತೇವೆ.

ನಾನೂ ಹಿಡಿದಿದ್ದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಒಬ್ಬ ಹಿರಿಯರು ಹೇಳಿದರು ಎಂದು ನಾಲ್ಕಡಿ ಕಟ್ಟೆಯಿಂದ ಸಿಮೆಂಟ್ ನೆಲಕ್ಕೆ ದಿನಾ ಇನ್ನೂರು ಸಲ ಹಾರಿದೆ. ಒಂದು ತಿಂಗಳಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಟೆಂಡನ್ ನೋಯಲು ಶುರುವಾಯಿತು. ಬಿಸಿಯಾದ ಮೇಲೆ ನೋವು ಕಡಿಮೆ ಅನಿಸುತ್ತಿತ್ತು, ಹಾಗಾಗಿ ಇನ್ನೂ ಹಾರಿದೆ. ಕೊನೆಗೆ ಎಂಟು ತಿಂಗಳು ಓಡಲೂ ಆಗಲಿಲ್ಲ. ಸ್ನಾಯು ಕೆಲವೇ ವಾರಗಳಲ್ಲಿ ಬಲ ಹಿಡಿಯುತ್ತದೆ, ಟೆಂಡನ್‌ಗೆ ತಿಂಗಳುಗಳು ಬೇಕು ಎಂದು ಆಗ ಯಾರಾದರೂ ಹೇಳಿದ್ದರೆ ಸಾಕಿತ್ತು. ಈ ಬರಹ ಅದಕ್ಕೇ.

ಶುರು ಮಾಡುವುದು ಇಳಿಯುವುದರಿಂದ

ಮೊದಲು ಕಾಲಿನ ಬಲ ನೋಡಿಕೊಳ್ಳಿ. ಹಿಮ್ಮಡಿ ನೆಲಕ್ಕೂರಿ ಇಪ್ಪತ್ತು ಆಳವಾದ ಬಸ್ಕಿ ಸರಿಯಾಗಿ ಬರಬೇಕು. ಒಂಟಿ ಕಾಲಲ್ಲಿ ನಿಂತು ಇಪ್ಪತ್ತು ಸಲ ಹಿಮ್ಮಡಿ ಎತ್ತಬೇಕು. ಕುರ್ಚಿಯಿಂದ ಒಂಟಿ ಕಾಲಲ್ಲಿ ಐದು ಸಲ ಏಳಬೇಕು. ಆಗದಿದ್ದರೆ ಒಂದೂವರೆ ತಿಂಗಳು ಇವನ್ನೇ ಮಾಡಿ, ಜೊತೆಗೆ ಸುಮ್ನೆ ಹಗ್ಗದಾಟ ಆಡಿ.

ಆಮೇಲಿನ ಎರಡು ವಾರ ಬರೀ ಇಳಿಯುವುದು. ಒಂದಡಿ ಎತ್ತರದ ಕಟ್ಟೆ ಸಾಕು. ಜಿಗಿಯಬೇಡಿ, ಒಂದು ಕಾಲು ಮುಂದಿಟ್ಟು ಹಾಗೇ ಇಳಿಯಿರಿ, ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಲಿ. ಪಾದದ ಮುಂಭಾಗ ಮೊದಲು, ಹಿಂದೆಯೇ ಹಿಮ್ಮಡಿ. ಕುಂಡಿ ಹಿಂದಕ್ಕೆ ಹೋಗಲಿ, ಎದೆ ಸ್ವಲ್ಪ ಮುಂದೆ ಬರಲಿ, ಮೊಣಕಾಲು ಪಾದದ ಬೆರಳುಗಳ ದಿಕ್ಕಿಗೇ ಇರಲಿ. ಹಾಗೇ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲಿ. ಕಿವಿಗೊಟ್ಟು ಕೇಳಿ: ಧಪ್ ಎಂದರೆ ಭಾರವನ್ನು ಎಲುಬು ಮತ್ತು ಕೀಲು ಹೊತ್ತವು, ಸದ್ದೇ ಬರದಿದ್ದರೆ ಸ್ನಾಯು ಹೊತ್ತಿತು. ನಾನು ಹುಡುಗರಿಗೆ ಬೆಕ್ಕಿನ ಹಾಗೆ ಇಳಿಯಿರಿ ಎನ್ನುತ್ತೇನೆ. ಗೆಳೆಯನಿಗೆ ಮುಂದಿನಿಂದ ವಿಡಿಯೋ ತೆಗೆಯಲು ಹೇಳಿ, ಮೊಣಕಾಲು ಒಳಕ್ಕೆ ಬಾಗುತ್ತಿದೆಯಾ ಎಂದು ನಿಧಾನ ಮಾಡಿ ನೋಡಿ. ಬಾಗಿದರೆ ಎತ್ತರ ಇಳಿಸಿ, ಏರಿಸಬೇಡಿ.

ಮೂರನೇ ವಾರದಿಂದ ಪುಟಿತ. ಮೊಣಕಾಲು ಹೆಚ್ಚು ಬಾಗಿಸದೆ ಪಾದದ ಕೀಲಿನಿಂದಲೇ ಪುಟಪುಟನೆ ಹತ್ತು ಸಲ. ಹಿಮ್ಮಡಿ ನೆಲಕ್ಕೆ ಊರಬಾರದು, ಗಾಳಿಯಲ್ಲಿರುವಾಗ ಪಾದದ ಬೆರಳು ಮೇಲಕ್ಕೆ ಎಳೆದುಕೊಂಡಿರಬೇಕು, ನೆಲ ಕಾದ ಹೆಂಚು ಅಂದುಕೊಳ್ಳಬೇಕು. ಅದರ ಜೊತೆಗೆ ಕುಗ್ಗಿ ಏಳುವ ನೇರ ಜಿಗಿತ, ನಿಂತಲ್ಲಿಂದ ಮುಂದಕ್ಕೆ ಉದ್ದ ಜಿಗಿತ. ನೇರ ಜಿಗಿತದಲ್ಲಿ ಕೈ ಬೀಸಲು ಮರೆಯಬೇಡಿ, ಕೈ ಬೀಸುವುದರಿಂದಲೇ ಎತ್ತರ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಆರೇಳು ವಾರದ ನಂತರ ಒಂಟಿಕಾಲ ಜಿಗಿತ, ಬೌಂಡಿಂಗ್. ಚಿಕ್ಕವರಿದ್ದಾಗ ಕುಂಟಬಿಲ್ಲೆ ಆಡಿದವರಿಗೆ ಇದು ಬೇಗ ಬರುತ್ತದೆ, ಅದೂ ಪ್ಲೈಯೋಮೆಟ್ರಿಕ್ ಆಟವೇ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ನಾನು ಕುಂಟಬಿಲ್ಲೆ, ಹಗ್ಗದಾಟ, ಖೋ ಖೋ ಬಿಟ್ಟು ಬೇರೇನೂ ಹೇಳುವುದಿಲ್ಲ. ಡೆಪ್ತ್ ಜಂಪ್ ಒಂದು ವರ್ಷ ದಾಟಿದ ಮೇಲೆ, ಅದೂ ಒಂದಡಿಯಿಂದ.

ಎಷ್ಟು ಮಾಡಬೇಕು? ನಿಮಿಷ ಲೆಕ್ಕ ಹಾಕಬೇಡಿ, ಪಾದ ನೆಲ ಮುಟ್ಟಿದ್ದನ್ನು ಎಣಿಸಿ. ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಸಾಕು, ಮೊದಲ ವಾರಗಳಲ್ಲಿ 50 ಮಾಡಿದರೂ ನಡೆಯುತ್ತದೆ. ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡುವು ಬೇಕು, ಅಂದರೆ ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು. ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ಸುಮ್ನೆ ಓಡಾಡಿ. ಹುಡುಗರಿಗೆ ಇದು ಸಮಾಧಾನವಾಗುವುದಿಲ್ಲ, ಬೆವರು ಸುರಿಯಲಿಲ್ಲ ಎಂದು ಬೇಸರ. ಆದರೆ ಇಲ್ಲಿ ಕಲಿಸುತ್ತಿರುವುದು ವೇಗ. ದಣಿದ ಕಾಲು ನೆಲದ ಮೇಲೆ ಜಾಸ್ತಿ ಹೊತ್ತು ಕೂರುತ್ತದೆ, ಆಗ ನೀವು ನರಗಳಿಗೆ ನಿಧಾನವನ್ನೇ ಕಲಿಸುತ್ತೀರಿ. ಇಳಿಯುವ ಸದ್ದು ಹೆಚ್ಚಾಗತೊಡಗಿದರೆ ಆ ದಿನದ ಕೆಲಸ ಮುಗಿಯಿತು, ಲೆಕ್ಕ ಅರವತ್ತಕ್ಕೇ ನಿಂತಿದ್ದರೂ ಸರಿ. 1600 ಮೀಟರ್ ಓಟ ಇದೇ ದಿನ ಇದ್ದರೆ ಜಿಗಿತ ಮೊದಲು, ಓಟ ಆಮೇಲೆ.

ನೆಲದ ವಿಷಯ ನಮ್ಮ ಕಡೆ ದೊಡ್ಡದು. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಬಿರುಕಿನಲ್ಲಿ ಪಾದ ಹೊರಳಿದರೆ ತಿಂಗಳು ಹೋಯಿತು. ಮಳೆಗಾಲದಲ್ಲಿ ಅಂಟು. ಸಿಮೆಂಟ್ ರಸ್ತೆ ಬೇಡವೇ ಬೇಡ. ಉದ್ದ ಜಿಗಿತದ ಮರಳು ಮತ್ತು ಗರಡಿಯ ಹದ ಮಾಡಿದ ಮಣ್ಣು ಇಳಿಯುವುದನ್ನು ಕಲಿಯಲು ಚೆನ್ನ, ಆದರೆ ಟೆಂಡನ್ ವಾಪಸ್ ಕೊಡಬೇಕಾದ ಬಲವನ್ನು ಅವು ನುಂಗಿಬಿಡುತ್ತವೆ, ಹಾಗಾಗಿ ವೇಗದ ಪುಟಿತಕ್ಕೆ ಆಗುವುದಿಲ್ಲ. ಪುಟಿತಕ್ಕೆ ಗಟ್ಟಿಯಾಗಿ ಕೂತ ಕೆಂಪು ಮಣ್ಣು ಅಥವಾ ಚಿಕ್ಕ ಹುಲ್ಲು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು, ಬೆಳಗ್ಗೆ ಏಳರೊಳಗೆ ಮುಗಿಸಿ. ಮೊದಲ ಹತ್ತು ನಿಮಿಷ ಮೆಲ್ಲಗೆ ಓಡಿ ಕಾಲು ಬಿಸಿ ಮಾಡಿಕೊಳ್ಳುವುದನ್ನು ಚಳಿಗಾಲದಲ್ಲಂತೂ ತಪ್ಪಿಸಬೇಡಿ.

ಎಷ್ಟು ಏರಿತು ಎಂದು ಅಳೆಯಲು ಯಂತ್ರ ಬೇಡ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ಇದ್ದರೆ ಪಾದ ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವ ತನಕ ಫ್ರೇಮ್ ಎಣಿಸಿ. 120 ಬಂದರೆ ಅರ್ಧ ಸೆಕೆಂಡ್. ಆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 122.6ರಿಂದ ಗುಣಿಸಿದರೆ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಅರ್ಧ ಸೆಕೆಂಡಿಗೆ ಸುಮಾರು 31 ಸೆಂಟಿಮೀಟರ್, 132 ಫ್ರೇಮ್ ಅಂದರೆ 0.55 ಸೆಕೆಂಡಿಗೆ ಸುಮಾರು 37. ಗಾಳಿಯಲ್ಲಿ ಮೊಣಕಾಲು ಮಡಚಿಕೊಂಡು ಇಳಿದರೆ ಲೆಕ್ಕ ಸುಳ್ಳಾಗುತ್ತದೆ, ಎದ್ದ ಹಾಗೇ ನೇರ ಕಾಲಲ್ಲಿ ನೆಲ ಮುಟ್ಟಿ, ಆಮೇಲೆ ಬಾಗಿ. ಎರಡು ವಾರಕ್ಕೊಮ್ಮೆ ಅಳೆದರೆ ಸಾಕು.

ನೋವಿನಲ್ಲಿ ಎರಡು ಬಗೆ ಇವೆ, ಬೇರೆ ಮಾಡಿ ನೋಡುವುದನ್ನು ಕಲಿಯಿರಿ. ತೊಡೆ, ಮೀನಖಂಡ ತುಂಬ ಹರಡಿದ, ಮರುದಿನ ಜಾಸ್ತಿಯಾಗಿ ಎರಡು ಮೂರು ದಿನದಲ್ಲಿ ಇಳಿಯುವ ನೋವಿಗೆ ಹೆದರಬೇಕಿಲ್ಲ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು ಬೇರೆ: ಮೊಣಕಾಲ ಚಿಪ್ಪಿನ ಕೆಳಗೆ, ಹಿಮ್ಮಡಿಯ ಮೇಲೆ, ಮೊಣಕಾಲಿನಿಂದ ಪಾದಕ್ಕೆ ಇಳಿಯುವ ಮುಂದಿನ ಎಲುಬಿನ ಮೇಲೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಮೇಲೆ ಬಿಗಿ ಹಿಡಿದರೆ ಟೆಂಡನ್ ಹೇಳುತ್ತಿದೆ ಎಂದರ್ಥ, ಆ ವಾರ ಜಿಗಿತ ಬಿಟ್ಟು ನಿಧಾನದ ಬಸ್ಕಿ, ಹಿಮ್ಮಡಿ ಎತ್ತುವುದು ಮಾತ್ರ ಮಾಡಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಊತ ಬಂದರೆ, ಎಣ್ಣೆ ತಿಕ್ಕುತ್ತಾ ಕೂರದೆ ಎಲುಬಿನ ಡಾಕ್ಟರಿಗೋ ಫಿಸಿಯೋಗೋ ತೋರಿಸಿ.

ಫಿಜಿಕಲ್ ದಿನಾಂಕ ಬಂದ ಮೇಲೆ ಗಾಬರಿಯಲ್ಲಿ ಜಿಗಿತ ಹೆಚ್ಚಿಸಬೇಡಿ. ಕೊನೆಯ ವಾರ ಲೆಕ್ಕವನ್ನು ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಕೊನೆಯ ಮೂರು ದಿನ ಪುಟಿತವೂ ಬೇಡ, ನಿಮ್ಮ ಓಟದ ಹೆಜ್ಜೆ ಅಳತೆ ಸರಿಯಾಗಿ ಟೇಕ್ ಆಫ್ ಬೋರ್ಡಿಗೆ ಬೀಳುತ್ತಿದೆಯಾ ಎಂದು ನಾಲ್ಕೈದು ಸಲ ನೋಡಿಕೊಂಡು ರೂಮಿಗೆ ಹೋಗಿ ಮಲಗಿ. ಆ ದಿನ ನಿಮ್ಮ ಸರದಿ ಬರಲು ಎರಡು ಮೂರು ಗಂಟೆ ಬಿಸಿಲಲ್ಲಿ ಕೂರಬೇಕಾಗಬಹುದು, ಕೂತು ಕಾಲು ತಣ್ಣಗಾಗಿರುತ್ತದೆ. ಹೆಸರು ಕರೆಯಲು ಹತ್ತು ಜನ ಇದ್ದಾರೆ ಎನ್ನುವಾಗ ಎದ್ದು, ಎರಡು ನಿಮಿಷ ಮೆಲ್ಲಗೆ ಓಡಿ, ಹತ್ತು ಪುಟಿತ ಹಾಕಿ, ಮೂರು ನೇರ ಜಿಗಿತ ಹಾಕಿ, ಆಮೇಲೆ ಸಾಲಿಗೆ ನಿಲ್ಲಿ.